ಅಂಚಿನ ಎರಡು ಸಾಲು

ನಮ್ಮ ವಿದ್ಯೆಯಲ್ಲಿ ಬಿತ್ತುವುದಕ್ಕಿಂತ ಮೊದಲು ಬಿಡುವುದನ್ನು ಕಲಿಸುತ್ತಾರೆ. ಪ್ರಯೋಗದ ಹೊಲವನ್ನು ಚೌಕ ಚೌಕವಾದ ತಾಕುಗಳಾಗಿ ಹಂಚುತ್ತೇವೆ. ಬೆಳೆ ಬಂದ ಮೇಲೆ ಪ್ರತಿ ತಾಕಿನ ಸುತ್ತಲೂ ಅಂಚಿನ ಎರಡು ಸಾಲು ಕೈಬಿಟ್ಟು, ನಡುವೆ ಉಳಿದದ್ದನ್ನು ಮಾತ್ರ ತೂಗುತ್ತೇವೆ. ಅಂಚಿನ ಗಿಡಕ್ಕೆ ಗಾಳಿ ಬೆಳಕು ಹೆಚ್ಚು, ಪಕ್ಕದ ತಾಕಿನ ನೀರೂ ಗೊಬ್ಬರವೂ ಅಷ್ಟಿಷ್ಟು ಕದ್ದು ಸಿಗುತ್ತದೆ, ಹಾಗಾಗಿ ಅದು ಹೊಲದ ನಿಜ ಹೇಳುವುದಿಲ್ಲ ಎಂದು ನಮ್ಮ ಗುರುಗಳು ಹೇಳಿಕೊಟ್ಟರು, ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟೆ. ನಡುವೆ ಉಳಿಯುವ ಭಾಗಕ್ಕೆ ನಿವ್ವಳ ತಾಕು, ಇಂಗ್ಲಿಷಿನಲ್ಲಿ ನೆಟ್ ಪ್ಲಾಟ್, ಎಂದು ಹೆಸರು. ಮೂವತ್ತು ವರ್ಷ ಈ ಪದವನ್ನು ದಿನಕ್ಕೆ ಹತ್ತು ಸಲವಾದರೂ ಆಡಿದ್ದೇನೆ. ಈಗ ಬೇರೆಯವರು ಆಡಿದರೆ ಎದ್ದು ಹೊರಗೆ ಹೋಗಬೇಕೆನಿಸುತ್ತದೆ.

ನಾನು ಗದಗಿನ ಕಡೆಯವಳು. ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಬ್ಯಾಟರಾಯನಪುರದಲ್ಲಿ ಮನೆ ಮಾಡಿ ಇಲ್ಲಿಯವಳೇ ಆದೆ, ಮಾತೊಂದು ಬಿಟ್ಟು. ಮಣ್ಣಿನ ತೇವ ಅಳೆಯುವುದು ನನ್ನ ಕೆಲಸ. ಮಣ್ಣಲ್ಲಿ ಸಣ್ಣ ಸಣ್ಣ ತಂತಿ ಹೂತು, ನೀರು ಎಲ್ಲಿದೆ, ಎಷ್ಟಿದೆ, ಬೇರಿಗೆ ಸಿಗುತ್ತದೆಯೋ ಇಲ್ಲವೋ ಎಂದು ದಿನವಿಡೀ ಬರೆದುಕೊಳ್ಳುವ ಉಪಕರಣಗಳನ್ನು ಮಾಡುತ್ತೇನೆ. ಕೇಳಿದವರಿಗೆ ಆಕಳಿಕೆ ಬರುವ ಕೆಲಸ. ನನಗೆ ಅದರಲ್ಲಿ ಬಹಳ ಜಂಬವಿತ್ತು.

ಆ ಜಂಬವನ್ನು ಮೊದಲು ಕೆಣಕಿದವರು ಬಾಗಲೂರಿನಿಂದ ಸ್ವಲ್ಪ ಆಚೆಯ ಒಬ್ಬ ರೈತರು. ಅಣ್ಣಂದಿರು ಜಮೀನನ್ನು ಲೇಔಟಿಗೆ ಕೊಟ್ಟು ಮೂರು ಅಂತಸ್ತು ಕಟ್ಟಿಕೊಂಡಿದ್ದರು. ಇವರು ಮಾತ್ರ ತಮ್ಮ ಪಾಲಿನ ಒಂದೂವರೆ ಎಕರೆ ಬಿಡದೆ, ಅರ್ಧದಲ್ಲಿ ರಾಗಿ, ಅರ್ಧದಲ್ಲಿ ಹಸಿರು ಬಲೆಯ ನೆರಳು ಕಟ್ಟಿ ಕಸಿ ಗಿಡಗಳ ನರ್ಸರಿ ಮಾಡಿಕೊಂಡಿದ್ದರು. ಅವರ ರಾಗಿ ಹೊಲದಲ್ಲಿ ನಾನು ಮೂರು ವರ್ಷ ಪ್ರಯೋಗ ಮಾಡಿದೆ. ಮೊದಲ ಕೊಯ್ಲಿನ ದಿನ ನನ್ನ ಕೆಲಸದವರು ಅಂಚಿನ ಸಾಲು ಬಿಟ್ಟು ನಡುವಿಗೆ ಹೋದಾಗ ಅವರು ಬದುವಿನ ಮೇಲೆ ನಿಂತು ನೋಡುತ್ತಿದ್ದರು.

"ಏನ್ ಮೇಡಮ್ಮೋರೆ, ಚೆನ್ನಾಗ್ ಬೆಳ್ದಿರೋದ್ನೇ ಬುಟ್‌ಬುಟ್ರಲ್ಲ" ಎಂದರು.

"ಇವು ಲೆಕ್ಕಕ್ಕ ಬರೂದಿಲ್ರೀ" ಎಂದೆ.

"ನಮ್ ಲೆಕ್ಕಕ್ ಬತ್ತವೆ" ಎಂದು ಅವರೇ ಕುಡುಗೋಲು ಹಿಡಿದು ಇಳಿದರು. "ನಡುವಿಂದು ನಿಮ್ದು, ಅಂಚಿಂದು ನಮ್ದು. ಅಂಗೇ ಇರ್ಲಿ."

ಮೂರು ವರ್ಷವೂ ಹಾಗೆಯೇ ನಡೆಯಿತು. ನಡುವಿನದ್ದನ್ನು ನಾನು ಚೀಲ ತುಂಬಿ ಒಯ್ಯುತ್ತಿದ್ದೆ, ಅಂಚಿನದ್ದನ್ನು ಅವರು ಕೊಯ್ದು, ಹಿಟ್ಟು ಮಾಡಿಸಿ, ನನಗೇ ಒಂದು ಡಬ್ಬ ಕಳಿಸುತ್ತಿದ್ದರು. ನನ್ನ ಮಾತನ್ನು ಅಣಕಿಸುವುದು ಅವರಿಗೆ ಇಷ್ಟದ ಕೆಲಸ. "ರೊಟ್ಟಿ ಸೀಮೆಯೋರ್ಗೆ ಮುದ್ದೆ ಇಟ್ಟು ಕೊಟ್ಟಿದೀನಿ, ಏನ್ ಮಾಡ್ಕತಾರೋ ನೋಡಣ" ಎಂದು ಹೆಂಡತಿಗೆ ಕೇಳಿಸುವಂತೆ ಹೇಳುತ್ತಿದ್ದರು. ಆಕೆ ನಕ್ಕು ಒಳಗೆ ಹೋಗುತ್ತಿದ್ದರು. ಪ್ರಯೋಗ ಮುಗಿಯಿತು, ನನ್ನ ಬರಹ ಅಚ್ಚಾಯಿತು, ಆ ಕಡೆ ಹೋಗುವುದು ನಿಂತಿತು. ಕೆಲಸ ಮುಗಿದ ಹೊಲದ ಕಡೆ ತಲೆ ಹಾಕದಿರುವುದೂ ನಮ್ಮ ವೃತ್ತಿಯ ಒಂದು ರೂಢಿಯೇ.

ಅವರು ಹಲಸಿನ ಮರದಿಂದ ಬಿದ್ದದ್ದು ನನಗೆ ಒಂದು ವರ್ಷವಾದ ಮೇಲೆ ತಿಳಿಯಿತು. ಕಸಿ ಕಟ್ಟಲು ಒಳ್ಳೆಯ ಮರದ ಎಳೆಯ ಕಡ್ಡಿ ಬೇಕು. ಯಾರದೋ ತೋಟದ ಹಳೆಯ ಮರಕ್ಕೆ ಕಡ್ಡಿ ಕೊಯ್ಯಲು ಹತ್ತಿದ್ದಾರೆ, ಕೊಂಬೆ ಕೈಕೊಟ್ಟಿದೆ. ಬೆನ್ನುಹುರಿಗೆ ಪೆಟ್ಟಾಗಿ ಹೊಕ್ಕುಳಿಂದ ಕೆಳಗೆ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ.

ಇದನ್ನು ನನಗೆ ಹೇಳಿದವರು ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯ ವೈದ್ಯೆ. ಬೆನ್ನುಹುರಿ ಪೆಟ್ಟಾದವರಿಗೆ ಮತ್ತೆ ಬದುಕು ಕಟ್ಟಿಕೊಡುವುದು ಅವರ ಕೆಲಸ. ಒಂದು ಬೆಳಿಗ್ಗೆ ಫೋನ್ ಮಾಡಿ, ನಮ್ಮ ಸಂಶೋಧನೆಗೆ ಹೊರಗಿನವರು ಬೇಕಾಗಿದ್ದಾರೆ, ಬರುತ್ತೀರಾ ಎಂದು ಕೇಳಿದರು. ನನಗೆ ಮಣ್ಣು ಬಿಟ್ಟು ಬೇರೇನೂ ತಿಳಿಯದು ಎಂದೆ. "ಅದಕ್ಕೇ ಕರೀತಿರೋದು. ನಿಮ್ಮನ್ನ ಹೇಳಿದ್ದು ನಮ್ಮ ಪೇಷಂಟೊಬ್ರು. ಮಣ್ಣಿಗೆ ತಂತಿ ಹಾಕಿ ಎಲ್ಲಿ ಒದ್ದೆ, ಎಲ್ಲಿ ಒಣ ಅಂತ ಹೇಳೋ ಮೇಡಂ ಒಬ್ರಿದಾರೆ, ಅವ್ರನ್ನ ಕರೀರಿ ಅಂತ ಪಟ್ಟು ಹಿಡ್ದು ಕೂತಿದಾರೆ" ಎಂದರು. ಯಾರೆಂದು ಕೇಳಿದೆ. ಹೆಸರು ಕೇಳಿದ ಮೇಲೆ, ಬರುತ್ತೇನೆ ಎಂದೆ.

ಆ ಮೊದಲ ಸಭೆ ನೆನೆದರೆ ಈಗಲೂ ಸಣ್ಣ ನಗು ಬರುತ್ತದೆ. ಬಸ್ಸಿನ ಸೀಟು ವಿನ್ಯಾಸ ಮಾಡುವವರೊಬ್ಬರು, ಆರ್.ಟಿ. ನಗರದಲ್ಲಿ ಕ್ರೀಡಾಪಟುಗಳ ಬಟ್ಟೆ ನೇಯಿಸುವವರೊಬ್ಬರು, ಮೀನಿನ ನರಗಳ ಬಗ್ಗೆ ಓದಿದವರೊಬ್ಬರು, ಮಣ್ಣಿನವಳು ನಾನು. ಮದುವೆ ಮನೆಗೆ ತಪ್ಪಿ ಬಂದವರ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿದ್ದೆವು. ವೈದ್ಯೆ ನೇರವಾಗಿ ಮಾತಿಗಿಳಿದರು.

"ಬೆನ್ನುಹುರಿ ಅಂದ ತಕ್ಷಣ ಎಲ್ರೂ ಹುರಿ ಜೋಡ್ಸೋ ಬಗ್ಗೇನೇ ಯೋಚ್ನೆ ಮಾಡ್ತಾರೆ. ಮಾಡ್ಲಿ, ಅದೂ ಬೇಕು. ಆದ್ರೆ ಅಷ್ಟರಲ್ಲಿ ನಮ್ಮ ಜನ ಹುಣ್ಣಿಂದ ಸಾಯ್ತಿದಾರೆ. ಕೂತಲ್ಲೇ ಕೂತ್ರೆ ಚರ್ಮ ಒತ್ತಿ, ಬೆವ್ತು, ಒಳಗಿಂದ ಕೊಳೆಯುತ್ತೆ. ಅವ್ರಿಗೆ ನೋವು ಗೊತ್ತಾಗಲ್ಲ. ನಾವು ನೀವು ಒಂದು ಸಿನಿಮಾ ನೋಡೋ ಹೊತ್ತಿಗೆ ನೂರು ಸಲ ಜರಗ್ತೀವಿ, ಅವ್ರು ಜರಗಲ್ಲ. ನಮ್ಮೋರಿಗೆ ಗೊತ್ತಿರೋದೆಲ್ಲ ಮಾಡಿ ಆಯ್ತು. ಇನ್ನು ಬೇರೆಯೋರ ಹತ್ರ ಏನಿದೆ ಅಂತ ಕೇಳೋಣ ಅಂತ."

ರಾಗಿ ಹೊಲದವರು ಗಾಲಿಕುರ್ಚಿಯಲ್ಲಿ ಬಾಗಿಲ ಬಳಿ ಇದ್ದರು. ಸೊರಗಿದ್ದರು, ಮೀಸೆ ಬೋಳಿಸಿದ್ದರು, ಕಣ್ಣು ಮಾತ್ರ ಬದುವಿನ ಮೇಲೆ ನಿಂತವರದೇ. ಅವರ ಕಡೆ ಹೋದೆ.

"ಮಣ್ಣಿಗ್ ತಂತಿ ಊತ್ರಲ್ಲ, ಅಂಗೇ ನನ್ ಅಡಿಗೂ ಒಂದ್ ಊತ್‌ಬುಡಿ ಮೇಡಮ್ಮೋರೆ" ಎಂದರು. "ನಾಕ್ ಗಂಟೆ ಕೂರಂಗ್ ಮಾಡ್‌ಬುಡಿ, ಸಾಕು."

ಆ ನಾಲ್ಕು ಗಂಟೆಯ ಲೆಕ್ಕ ನನಗೆ ಗೊತ್ತಿತ್ತು. ಬೆಳಿಗ್ಗೆ ಕೊಯ್ದು ತಂದ ಕಡ್ಡಿಯನ್ನು ಮಧ್ಯಾಹ್ನದೊಳಗೆ ಕಟ್ಟಿ ಮುಗಿಸಬೇಕು, ಇಲ್ಲವಾದರೆ ಒಣಗಿ ಕಸಿ ಹಿಡಿಯುವುದಿಲ್ಲ. ಅವರಿಗೆ ಆಗಲೇ ಒಂದು ಸಲ ಹುಣ್ಣಾಗಿ, ತಿಂಗಳುಗಟ್ಟಲೆ ಮಲಗಿ ಮಾಯ್ದಿತ್ತು. ಒಂದೇಟಿಗೆ ಒಂದೂವರೆ ಗಂಟೆಗಿಂತ ಹೆಚ್ಚು ಕೂರಬಾರದು ಎಂದು ವೈದ್ಯೆ ಹೇಳಿದ್ದರು. ಒಂದೂವರೆ ಗಂಟೆಯಲ್ಲಿ ತಂದ ಕಡ್ಡಿಯ ಕಾಲುಭಾಗವೂ ಮುಗಿಯದು. ನಾಲ್ಕು ಗಂಟೆ ಕೂರಲು ಸಾಧ್ಯವಾದರೆ ಅವರು ಕಸಿ ಕಟ್ಟುವವರು. ಆಗದಿದ್ದರೆ ಅಣ್ಣನ ಮನೆಯ ನೆಲಮಹಡಿಯಲ್ಲಿ ಮಲಗಿಕೊಂಡಿರುವ ರೋಗಿ.

ಕೆಲಸ ಹಿಡಿದೆವು. ಬಟ್ಟೆಯವರು ತೆಳುವಾದ, ಬೆವರು ಹೀರುವ ಬಟ್ಟೆ ಕೊಟ್ಟರು. ಸೀಟಿನವರು ದಿಂಬಿನ ಆಕಾರ ಹೇಳಿದರು. ನಾನು ಎರಡು ಬಟ್ಟೆಗಳ ನಡುವೆ ಸಾಲು ಸಾಲಾಗಿ ತಂತಿ ಹಾಸಿ, ಒತ್ತಡವೂ ತೇವವೂ ಎಲ್ಲಿ ಹೆಚ್ಚಾಗುತ್ತಿದೆ ಎಂದು ಹೇಳುವ ಚಾಪೆ ಮಾಡಿದೆ. ಉದ್ದಕ್ಕೆ ಹದಿನಾಲ್ಕು ಸಾಲು, ಅಗಲಕ್ಕೆ ಹದಿನಾಲ್ಕು. ಅದನ್ನು ಹೊಲಿಸಲು ಯಶವಂತಪುರದ ಸೋಫಾ ರಿಪೇರಿ ಅಂಗಡಿಗೆ ನಾಲ್ಕು ಸಲ ಓಡಾಡಿದೆ. ದಿಂಬಿನ ಮೇಲೆ ಹಾಸಿ ಕೂತರೆ ಪರದೆಯ ಮೇಲೆ ಚೌಕಗಳು ಮೂಡುತ್ತಿದ್ದವು. ಬಿಳಿ ಇದ್ದರೆ ಕ್ಷೇಮ, ಕೆಂಪಾದರೆ ಅಪಾಯ. ಅಂಚಿನಲ್ಲಿ ಬಟ್ಟೆ ಮಡಿಚಿ ಹೊಲಿದಿದ್ದರಿಂದ ಅಲ್ಲಿ ಆಗಾಗ ಸುಮ್ಮಸುಮ್ಮನೆ ಕೆಂಪು ಬರುತ್ತಿತ್ತು. ನಾನು ಎರಡನೆಯ ಯೋಚನೆಯನ್ನೇ ಮಾಡಲಿಲ್ಲ. ಸುತ್ತಲೂ ಎರಡು ಸಾಲು ತೋರಿಸಬೇಡ ಎಂದು ಪ್ರೋಗ್ರಾಮಿಗೆ ಬರೆದೆ. ಪರದೆ ಶುಭ್ರವಾಯಿತು. ಎಂದಿನಂತೆ ಅಚ್ಚುಕಟ್ಟಾಗಿ ಕೆಲಸ ಮಾಡಿದೆ ಎಂಬ ಸಮಾಧಾನವಾಯಿತು.

ಒಂದು ಸಲ ವೈದ್ಯೆ ಕೇಳಿದ್ದರು. ನನಗೆ ಸರಿಯಾಗಿ ನೆನಪಿದೆ, ಅವರ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದೆವು.

"ಇದು ಇಡೀ ಸೀಟು ತೋರಿಸುತ್ತಾ?"

"ಹೂನ್ರೀ, ನೆಟ್ ಪ್ಲಾಟ್ ಪೂರ್ತಿ ಬರ್ತದ" ಎಂದೆ.

ಅವರಿಗೆ ಆ ಮಾತಿನ ಅರ್ಥ ತಿಳಿದಿರಲಿಲ್ಲ ಎಂದು ಆಮೇಲೆ ಹೇಳಿದರು. ಹೊರಗಿನಿಂದ ಬಂದ ದೊಡ್ಡವರು, ಅವರ ವಿಷಯದಲ್ಲಿ ಅವರನ್ನು ಪ್ರಶ್ನೆ ಮಾಡಿದರೆ ಏನೆಂದುಕೊಳ್ಳುತ್ತಾರೋ ಎಂದು ಬಿಟ್ಟರಂತೆ. ನನಗೂ ಒಂದು ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು: ಇವರಿಗೆ ಹುಣ್ಣು ಎಲ್ಲೆಲ್ಲಿ ಆಗುತ್ತದೆ? ಇಷ್ಟೂ ತಿಳಿಯದವಳು ಇಲ್ಲಿಗೇಕೆ ಬಂದಳು ಎಂದು ನಕ್ಕಾರು ಅನ್ನಿಸಿ ನುಂಗಿಕೊಂಡೆ. ಆಸ್ಪತ್ರೆಯಲ್ಲಿ ನೆಲ ಒರೆಸುವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದರು. ಕೂಡಿ ಮಾಡುವ ಕೆಲಸದಲ್ಲಿ ಜಗಳಕ್ಕೆ ಹೆದರುತ್ತಾರೆ. ನಮ್ಮನ್ನು ಕೆಡಿಸಿದ್ದು ಮರ್ಯಾದೆ.

ಮೊದಲು ಒಂದೂವರೆ ಗಂಟೆ, ಆಮೇಲೆ ಎರಡು, ಎರಡೂವರೆ. ಪ್ರತಿ ಸಲವೂ ಪರದೆ ಶುಭ್ರ. ವಾರಕ್ಕೊಮ್ಮೆ ನಾನೇ ಹೋಗಿ ನೋಡಿಕೊಂಡು ಬರುತ್ತಿದ್ದೆ. ಕೋಗಿಲು ದಾಟಿ, ಬಾಗಲೂರು ರಸ್ತೆಯ ಲಾರಿಗಳ ಧೂಳು ಕುಡಿದು, ಅವರ ನೆರಳುಬಲೆ ತಲುಪುವ ಹೊತ್ತಿಗೆ ಅವರು ಗಾಲಿಕುರ್ಚಿಯಲ್ಲಿ ನೆಟ್ಟಗೆ ಕೂತು, ಎರಡೂ ಕೈ ಕುರ್ಚಿಯ ತೋಳುಗಳ ಮೇಲಿಟ್ಟು ಕಾಯುತ್ತಿರುತ್ತಿದ್ದರು. ಕಸಿ ಚಾಕು ಪಕ್ಕಕ್ಕಿಟ್ಟಿರುತ್ತಿದ್ದರು. ಸ್ಟುಡಿಯೋದಲ್ಲಿ ಫೋಟೋಗೆ ಕೂತ ಹಾಗೆ ಕಾಣುತ್ತಿದ್ದರು. ನಾನು ಚಾಪೆ ನೋಡಿ, ತಂತಿ ನೋಡಿ, ಅವರ ಹೆಂಡತಿ ಕೊಟ್ಟ ಕಾಫಿ ಕುಡಿದು, ಮಾತಾಡಿ ಬರುತ್ತಿದ್ದೆ. ಅವರು ಕೆಲಸ ಮಾಡುವುದನ್ನು ಒಮ್ಮೆಯೂ ನೋಡಲಿಲ್ಲ. ನನಗಾಗಿ ಕೆಲಸ ನಿಲ್ಲಿಸಿ ಮಾತಿಗೆ ಕೂರುತ್ತಾರಲ್ಲ ಎಂದು ಒಳಗೊಳಗೆ ಹಿಗ್ಗುತ್ತಿದ್ದೆ.

ಕೊನೆಗೆ ಒಂದು ದಿನ ನಾಲ್ಕು ಗಂಟೆ ಕೂರಬಹುದು ಎಂದು ನಾನು ಹೇಳಿದೆ. ವೈದ್ಯೆ ನನ್ನ ಪರದೆ ನೋಡಿ ಸಹಿ ಹಾಕಿದರು, ಹೇಳಿದವಳು ನಾನು. ಕುರ್ಚಿಯಲ್ಲಿದ್ದವರು ಮುಖ ಆ ಕಡೆ ತಿರುಗಿಸಿ ಗಿಡದ ಸಾಲು ನೋಡಿದರು. ಹೆಂಡತಿಯನ್ನು ಕರೆದು, "ನಾಳಿಂದ ಕಡ್ಡಿ ಜಾಸ್ತಿ ತರ್ಸು" ಎಂದರು. ಆ ಬೇಸಿಗೆ ಅವರ ಕೈಯಿಂದ ಕಸಿಯಾದ ಹಲಸಿನ ಗಿಡಗಳು ಯಲಹಂಕದ ಅಂಗಡಿಗಳಿಗೆ ಹೋದವು. ನನ್ನ ಮನೆಯ ಮುಂದಿನ ಕುಂಡದಲ್ಲೂ ಒಂದಿದೆ.

ಎರಡು ತಿಂಗಳಾದ ಮೇಲೆ ವೈದ್ಯೆ ಫೋನ್ ಮಾಡಿ, ಬಲಗಡೆ ಸೊಂಟದ ಮೂಳೆಯ ಬಳಿ ಹುಣ್ಣಾಗಿದೆ, ಹೊರಗೆ ಸಣ್ಣ ಕಪ್ಪು ಕಲೆ, ಒಳಗೆ ಮೂಳೆಯವರೆಗೂ ಹೋಗಿದೆ ಎಂದರು. ಹೆಂಡತಿ ದಿನಾ ಸಂಜೆ ನೋಡುತ್ತಿದ್ದರಂತೆ. ಕಲೆ ಕಂಡಾಗ ಗಂಡ, "ಮಿಷನ್ನೇ ಸರಿ ಅಂತೈತೆ, ನೀನ್ಯಾಕ್ ಎದ್ರುಕೊಳ್ತಿ" ಎಂದು ಸುಮ್ಮನಾಗಿಸಿದ್ದರಂತೆ. ಚಾಪೆ ಏನು ಹೇಳುತ್ತದೆ ಎಂದು ವೈದ್ಯೆ ಕೇಳಿದರು. ನಾನು ಪರದೆ ತೆರೆದು ನೋಡಿದೆ. ಎರಡು ತಿಂಗಳೂ ಶುಭ್ರ.

"ಕೂತಿದ್ದರಿಂದ ಆಗಿಲ್ರೀ" ಎಂದೆ. "ಹಾಸಿಗೆಯಿಂದ ಕುರ್ಚಿಗೆ ಎತ್ತುವಾಗ ಎಲ್ಲೋ ತಾಗಿರಬೇಕು."

ಎತ್ತುತ್ತಿದ್ದವರು ಅವರ ಹೆಂಡತಿ. ನಾನು ಅದನ್ನು ಯೋಚಿಸಲಿಲ್ಲ. ಯೋಚಿಸಿದ್ದರೆ ಮಾತು ಬದಲಾಗುತ್ತಿತ್ತೇ, ಗೊತ್ತಿಲ್ಲ. ನನ್ನ ಉಪಕರಣ ತಪ್ಪು ಹೇಳುವುದಿಲ್ಲ ಎನ್ನುವುದರಲ್ಲಿ ನಾನು ಅಷ್ಟು ಗಟ್ಟಿಯಾಗಿದ್ದೆ. ಮೂರು ವಾರ ಅದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿದೆ. ಒಂದು ಇಮೇಲಿನಲ್ಲಿ ಬರೆದೂ ಬರೆದೆ.

ಮೂರನೆಯ ವಾರ ವೈದ್ಯೆ ನನ್ನನ್ನು ಆಸ್ಪತ್ರೆಗೆ ಕರೆಸಿಕೊಂಡರು. ಖಾಲಿ ಗಾಲಿಕುರ್ಚಿ ತರಿಸಿ, ದಿಂಬಿಟ್ಟು, ಅದರ ಮೇಲೆ ನನ್ನ ಚಾಪೆ ಹಾಸಿದರು. ತಾವೇ ಅದರ ಮೇಲೆ ಕೂತು, ಎರಡೂ ಕೈ ಮುಂದೆ ಚಾಚಿ ಗಿಡ ಹಿಡಿದವರ ಹಾಗೆ ಮಾಡಿದರು.

"ಹೊಟ್ಟೆ ಸ್ನಾಯುಗಳಲ್ಲಿ ಹಿಡಿತ ಇಲ್ದೋರು ಎರಡೂ ಕೈ ಕೆಲಸಕ್ಕೆ ಬಿಟ್ರೆ ಬೀಳ್ತಾರೆ. ಬೀಳ್ದೆ ಇರೋಕೆ ಒಂದು ಕಡೆ ವಾಲ್ಕೊಂಡು ಒರಗ್ತಾರೆ. ಅವ್ರು ಬಲಕ್ಕೆ ವಾಲ್ತಿದ್ರಂತೆ. ಗಿಡದ ಟ್ರೇ ಆ ಕಡೆ ಇತ್ತು. ಹುಣ್ಣು ಆಗಿರೋ ಜಾಗ ಇಲ್ಲಿ ಬರುತ್ತೆ." ಎದ್ದು ಚಾಪೆಯ ಮೇಲೆ ಬೆರಳಿಟ್ಟರು. "ಇಲ್ಲಿ ಏನಿದೆ ತೋರ್ಸಿ."

ಅವರ ಬೆರಳು ಅಂಚಿನಿಂದ ಎರಡನೆಯ ಸಾಲಿನ ಮೇಲಿತ್ತು.

ಪರದೆ ತೆರೆಯುವ ಅಗತ್ಯವಿರಲಿಲ್ಲ. ನನಗೆ ತಕ್ಷಣ ತಿಳಿಯಿತು. "ಅಂಚು ನಾನು ತೆಗೆದುಬಿಟ್ಟೀನಿ" ಎಂದೆ. ಯಾಕೆ ಎಂದು ಅವರು ಕೇಳಿದರು. ಅದಕ್ಕೆ ಕೊಡಲು ನನ್ನ ಬಳಿ ಇದ್ದದ್ದು ರಾಗಿ ಹೊಲದ ಕತೆ ಮಾತ್ರ. ಅದನ್ನೇ ಹೇಳಿದೆ. ಅವರು ಬೈಯಲಿಲ್ಲ. ಖಾಲಿ ಕುರ್ಚಿಯ ತೋಳು ಹಿಡಿದುಕೊಂಡು, "ನಾನು ಕೇಳ್ಬೇಕಿತ್ತು" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಚಾಪೆ ಮಾತ್ರ ಎಲ್ಲವನ್ನೂ ಬರೆದಿಟ್ಟುಕೊಂಡಿತ್ತು. ತೋರಿಸಬೇಡ ಎಂದಿದ್ದೆನೇ ಹೊರತು ಅಳೆಯಬೇಡ ಎಂದಿರಲಿಲ್ಲ. ಮನೆಗೆ ಬಂದು ಆ ಎರಡು ಸಾಲು ಬೇರೆಯಾಗಿ ತೆರೆದೆ. ಬಲಗಡೆಯ ಅಂಚಿಗೆ ಮೊದಲ ವಾರದಲ್ಲೇ ಕೆಂಪು ಹತ್ತಿತ್ತು. ಹೊಲಿಗೆಯಿಂದ ಬಂದ ಸುಳ್ಳು ಕೆಂಪು ಹೀಗೆ ಒಂದೇ ಕಡೆ ಗಂಟೆಗಟ್ಟಲೆ ನಿಲ್ಲುವುದಿಲ್ಲ. ಮೊದಲ ವಾರದಲ್ಲಿ ನಾನು ನೋಡಿ, ಟ್ರೇಯನ್ನು ಎಡಕ್ಕೆ ಇಡಿ, ನಡುನಡುವೆ ಬದಲಿಸಿ ಎಂದು ಹೇಳಿದ್ದರೆ ಸಾಕಿತ್ತು. ಅಷ್ಟೇ ಸಾಕಿತ್ತು.

ಮರುದಿನ ವಾರ್ಡಿಗೆ ಹೋದೆ. ಹುಣ್ಣಿನ ಮೇಲೆ ಭಾರ ಬೀಳದಂತೆ ಅವರನ್ನು ಬೋರಲು ಮಲಗಿಸಿದ್ದರು. ಮುಖ ಮಂಚದ ಅಂಚಿನಿಂದ ಆಚೆಗೆ, ಕಣ್ಣು ನೆಲದ ಕಡೆ. ನಿಂತರೆ ನನ್ನ ಪಾದ ಮಾತ್ರ ಕಾಣುತ್ತಿತ್ತು, ಹಾಗಾಗಿ ನೆಲದ ಮೇಲೆ ಕೂತೆ. ಎಲ್ಲವನ್ನೂ ಹೇಳಿದೆ. ಹೇಳುವಾಗ ಅತ್ತೆ. ಅಳಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡು ಹೋಗಿದ್ದೆ.

ಅವರು ನೆಲ ನೋಡುತ್ತಲೇ ಕೇಳಿಸಿಕೊಂಡರು. ಆಮೇಲೆ, "ಅಂಚಿಂದು ನಮ್ದು ಅಂತ ನಾನೇ ಅಂದಿದ್ನಲ್ಲ" ಎಂದರು. ನಗುತ್ತಿದ್ದಾರೆಂದುಕೊಂಡು ತಲೆಯೆತ್ತಿದೆ. ನಗುತ್ತಿರಲಿಲ್ಲ.

"ತಪ್ಪು ಎಲ್ಲಾರ್ಗೂ ಆಯ್ತದೆ. ನಾನೂ ಒಣಗಿದ್ ಕೊಂಬೆ ನೋಡ್ದೆ ಕಾಲಿಟ್ಟೆ. ಆದ್ರೆ ಮೂರ್ ವಾರ ಎತ್ತೋವಾಗ ತಾಗೈತೆ ಅಂದ್ರಲ್ಲ, ಅದ್ಯಾಕೆ? ಎತ್ತೋಳು ನನ್ ಎಂಡ್ರು. ನಮ್ಮಣ್ಣ, ಅತ್ತಿಗೆ, ಎಲ್ಲಾ ಅವ್ಳನ್ನೇ ಅಂದ್ರು. ಊಟ ಬುಟ್ಟವ್ಳೆ ಅವ್ಳು."

ಕಣ್ಣೊರೆಸಿಕೊಂಡೆ.

"ಈಗ್ ಓಗಿ" ಎಂದರು. "ನಾಳೆ ಬನ್ನಿ ಬೇಕಾದ್ರೆ. ಇವತ್ತು ಓಗಿ."

ನಾನು ಎದ್ದು ಹೊರಗೆ ಬಂದೆ. ಅವರ ಹೆಂಡತಿ ಕಾರಿಡಾರಿನ ಬೆಂಚಿನ ಮೇಲೆ ಟಿಫನ್ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ತಪ್ಪು ನನ್ನದು, ನಿಮ್ಮದಲ್ಲ ಎಂದೆ. ಆಕೆ ತಲೆ ಆಡಿಸಿದರು, ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಮರುದಿನವೂ ಹೋದೆ, ಅದರ ಮರುದಿನವೂ ಹೋದೆ. ಅವರು ಮಾತಾಡಿದರು, ಮುದ್ದೆಯ ಬಗ್ಗೆ ತಮಾಷೆಯನ್ನೂ ಮಾಡಿದರು. ಆದರೆ ಮೇಡಮ್ಮೋರೆ ಎಂದು ಮತ್ತೆ ಕರೆಯಲಿಲ್ಲ. ಸೋಂಕು ಮೂಳೆಯಿಂದ ರಕ್ತಕ್ಕೆ ಹೋಯಿತು. ಎರಡು ಶಸ್ತ್ರಚಿಕಿತ್ಸೆ ಆಯಿತು. ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ, ಬೋರಲು ಮಲಗಿದ್ದಂತೆಯೇ ಹೋದರು. ಕೊನೆಯ ಐದು ತಿಂಗಳು ಒಂದು ಗಳಿಗೆಯೂ ಕೂರಲಿಲ್ಲ.

ವೈದ್ಯೆ ಕೆಲಸ ನಿಲ್ಲಿಸಲಿಲ್ಲ. ನನ್ನನ್ನೂ ಬಿಟ್ಟುಹೋಗಲು ಬಿಡಲಿಲ್ಲ. ಈಗಿನ ಚಾಪೆ ಕೊನೆಯ ಸಾಲಿನವರೆಗೂ ತೋರಿಸುತ್ತದೆ. ಹೊಲಿಗೆಯನ್ನು ಆಚೆಗೆ ಸರಿಸಿದ್ದೇವೆ, ಮೂರು ದಿನದ ಕೆಲಸ ಅದು. ಹೊಸದಾಗಿ ಬರುವ ಹೊರಗಿನವರಿಗೆ ಮೊದಲ ದಿನ ನಾನೇ ಮಾತಾಡಬೇಕೆಂದು ಅವರ ಹಟ. ಮೊನ್ನೆ ಒಬ್ಬರು ಸೇತುವೆಗಳ ಬಿರುಕು ಅಳೆಯುವವರು ಬಂದಿದ್ದರು. ನಿಮ್ಮ ವಿದ್ಯೆಯಲ್ಲಿ ಯಾವುದನ್ನು ಯೋಚಿಸದೆ ಬಿಟ್ಟುಬಿಡುತ್ತೀರಿ, ಅದನ್ನು ಮೊದಲು ಬರೆದುಕೊಡಿ ಎಂದೆ. ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಆಗ ರಾಗಿ ಹೊಲದಿಂದ ಶುರುಮಾಡಿ ಇಷ್ಟನ್ನೂ ಹೇಳಿದೆ. ಪ್ರತಿ ಸಲ ಹೇಳುವಾಗಲೂ ಇದು ಸ್ವಲ್ಪ ಸಲೀಸಾಗುತ್ತಿದೆ. ಅದು ನನಗೆ ಸೇರುವುದಿಲ್ಲ.

ಅವರು ಹೋದ ಕೆಲವು ತಿಂಗಳ ಮೇಲೆ ಆ ಎರಡು ಸಾಲಿನ ಚಿತ್ರವನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸಿಕೊಂಡು ಬಾಗಲೂರಿನ ಕಡೆ ಹೋದೆ. ಯಾಕೆ ಹೋದೆ ಎಂದು ಕೇಳಿದರೆ ಹೇಳಲಾರೆ. ನನ್ನ ಬಳಿ ಇಟ್ಟುಕೊಳ್ಳುವುದು ಸರಿಯಲ್ಲ ಅನ್ನಿಸಿತು, ಅಷ್ಟೇ. ನೆರಳುಬಲೆ ಒಂದು ಕಡೆ ಹರಿದು ಜೋತುಬಿದ್ದಿತ್ತು. ಅವರ ಹೆಂಡತಿ ಗಿಡಗಳಿಗೆ ಪೈಪಿನಲ್ಲಿ ನೀರು ಬಿಡುತ್ತಿದ್ದರು. ಟ್ರೇ ಇಡುತ್ತಿದ್ದ ಕಲ್ಲುಚಪ್ಪಡಿಯ ಮೇಲೆ ಹಾಳೆ ಹರಡಿದೆ. ಒಂದೊಂದು ಚೌಕ ಒಂದೊಂದು ದಿನ, ಕೆಂಪಗಿರುವುದು ಅವರು ವಾಲಿಕೊಂಡು ಕೂತದ್ದು ಎಂದು ಹೇಳಿದೆ. ಆಕೆ ಕೈ ಸೆರಗಿಗೆ ಒರೆಸಿಕೊಂಡು ಬಗ್ಗಿ ನೋಡಿದರು.

"ಇದು ಅಲಸಿನ ಕಡ್ಡಿ ಜಾಸ್ತಿ ತರ್ಸಿದ್ ದಿನ" ಎಂದು ಕಡುಕೆಂಪಿನ ಒಂದು ಚೌಕ ಮುಟ್ಟಿದರು. ಹಾಗೆಯೇ ಬೆರಳು ಸರಿಸುತ್ತ, "ಇದು ಮಾವಿಂದು. ಇದು ಕರೆಂಟ್ ಇಲ್ದೆ ಬೇಗ ಮುಗ್ಸಿದ್ದು" ಎಂದು ಒಂದೊಂದಾಗಿ ಗುರುತಿಸಿದರು. ದಿನಾಂಕ ಎಣಿಸಿ ನೋಡಿದೆ, ಸರಿಯಾಗಿತ್ತು. ಕೆಂಪಿನ ನಡುವೆ ಅಲ್ಲಲ್ಲಿ ಬಿಳಿ ಚೌಕಗಳಿದ್ದವು. ವಿಶ್ರಾಂತಿ ತೆಗೆದುಕೊಂಡ ದಿನಗಳಿರಬೇಕು ಎಂದು ನಾನು ಅಂದುಕೊಂಡಿದ್ದೆ.

"ಈ ದಿನ ಮಲಗಿದ್ರೇನ್ರೀ?" ಎಂದು ಕೇಳಿದೆ.

"ಇಲ್ಲ, ಆವತ್ತು ನೀವ್ ಬಂದಿದ್ರಿ" ಎಂದರು ಆಕೆ. "ನೀವ್ ಬತ್ತೀರ ಅಂದ್ರೆ ಬೆಳಿಗ್ಗೆಯಿಂದ್ಲೇ ನೆಟ್ಗೆ ಕೂತ್ಕಳೋರು. ಎರ್ಡೂ ಕೈ ಊರ್ಕೊಂಡು, ಕೆಲ್ಸ ಬುಟ್ಟು. ಮೇಡಮ್ಮೋರ್ ಮುಂದೆ ಸೊಟ್ಟಕ್ ಕೂರಕ್ ಆಯ್ತದಾ ಅನ್ನೋರು."

ಬಿಳಿ ಚೌಕಗಳನ್ನು ಎಣಿಸಿದೆ. ವಾರಕ್ಕೊಂದರಂತೆ, ನಾನು ಬಂದ ದಿನಗಳಷ್ಟೇ ಇದ್ದವು. ನಾನು ಪರದೆಯಲ್ಲಿ ಕಾಣದ್ದನ್ನು ಕಣ್ಣಿನಿಂದಾದರೂ ಕಾಣಬಹುದಿತ್ತು. ಕಾಣದಂತೆ ಅವರು ನನಗೆ ಗೌರವ ಕೊಟ್ಟಿದ್ದರು. ಚಪ್ಪಡಿ ಹಿಡಿದುಕೊಂಡು ನಿಂತೆ. ಮೇಲೆ ವಿಮಾನವೊಂದು ಇಳಿಯುತ್ತಿತ್ತು.

ಆಮೇಲೆ ಆಕೆ ಪೈಪಿನ ನೀರು ನಿಲ್ಲಿಸಿ ಬಂದು ಕೇಳಿದರು.

"ಅಂಗಾದ್ರೆ ನಾನ್ ಎತ್ತಿ ಕೂರ್ಸಿದ್ದು ಸರ್ಯಾಗೇ ಇತ್ತಾ?"

"ಸರಿಯಾಗೇ ಇತ್ತು" ಎಂದೆ. "ಒಂದು ದಿನವೂ ತಪ್ಪಿಲ್ಲ."

ಆಕೆ ಹಾಳೆಯನ್ನೇ ನೋಡುತ್ತಿದ್ದರು. "ಆಸ್ಪತ್ರೇಲೂ ಅಂದ್ರಿ ನೀವು. ನಂಗ್ ಅಂದ್ರಿ. ಅವ್ರ್ಯಾರ್ಗೂ ಅನ್ಲಿಲ್ಲ." ಪಕ್ಕದ ಮೂರಂತಸ್ತಿನ ಮನೆಯ ಕಡೆ ಕಣ್ಣಲ್ಲೇ ತೋರಿಸಿದರು. "ನಮ್ ಬಾವನೋರ್ ಮುಂದೆ ಇದ್ನ ಒಂದ್ಸಲ ಏಳ್ತೀರಾ?"

ಹಾಳೆ ಸುತ್ತಿಕೊಂಡು ಹೊರಟೆ. ಆಕೆ ಜೊತೆಗೆ ಬಂದರು, ಬಾಗಿಲಲ್ಲೇ ನಿಂತರು. ಭಾವನವರು ಟಿವಿ ಆರಿಸಿ, ಬಹಳ ಮರ್ಯಾದೆಯಿಂದ, "ಬನ್ನಿ ಮೇಡಂ, ಕೂತ್ಕಳಿ" ಎಂದು ಕುರ್ಚಿ ಎಳೆದರು.

ನಾನು ನಿಂತೇ ಹೇಳಿದೆ.